ತೌಡಿಗೆ ತಂದ ಮಗ

ಮೈಸೂರು ಸೀಮೆಯ ಮನೆಗಳಲ್ಲಿ ಒಂದು ಹಳೆಯ ಕೀಟಲೆ ಇದೆ. ಮಗು ಹಟ ಹಿಡಿದಾಗ, ಅಥವಾ ಅದರ ಮುಖ ಸಣ್ಣಗಾಗುವುದನ್ನು ನೋಡುವ ಆಸೆಗೆ, ದೊಡ್ಡವರಲ್ಲೊಬ್ಬರು ಹೇಳುತ್ತಾರೆ: ನಿನ್ನನ್ನು ನಾವು ಹೆತ್ತಿಲ್ಲ, ತೌಡು ಕೊಟ್ಟು ತಂದದ್ದು. ಗಿರಣಿಯಲ್ಲಿ ಅಕ್ಕಿ ಬೆಳ್ಳಗಾದ ಮೇಲೆ ಉಳಿಯುವ, ದನದ ಬಾನಿಗೆ ಕಲಸುವ ತೌಡು. ಮಗು ಅಳುತ್ತದೆ. ತಾಯಿ ಎತ್ತಿಕೊಂಡು, ಸುಳ್ಳು ಕಣೋ, ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಬಂಗಾರ ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಕೀಟಲೆಗೆ ಹೀಗೆ ಎರಡು ಭಾಗ. ಮೊದಲನೆಯದನ್ನಷ್ಟೇ ಹೇಳಿ ಎದ್ದುಹೋಗುವವರಿಗೆ ತಾವೇನು ಮಾಡಿದೆವೆಂದು ತಿಳಿದಿರುವುದಿಲ್ಲ. ತಿಳಿಯದೆ ಮಾಡಿದ್ದೆಂಬ ಮಾತ್ರಕ್ಕೆ ಅದು ತಪ್ಪಲ್ಲದೆ ಹೋಗುವುದೂ ಇಲ್ಲ.

ದೇವನೂರಿಗೆ ಹತ್ತಿರದ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ಮಾದಪ್ಪ ಕಾರ್ಯದರ್ಶಿ. ಬೆಳಗಿನ ಸಾಲಿನಲ್ಲಿ ನಿಂತವರ ಹಾಲನ್ನು ಅಳೆದು, ಗಾಜಿನ ಮಾಪಕ ತೇಲಿಸಿ ಪರೀಕ್ಷಿಸಿ, ಕಂಡದ್ದನ್ನು ಎಲ್ಲರೆದುರು ಗಟ್ಟಿಯಾಗಿ ಹೇಳುವುದು ಅವನ ರೂಢಿ. ನೀರು ಬೆರೆತಿದ್ದರೆ ಯಾರ ಹಾಲೇ ಆಗಲಿ, ದಾಕ್ಷಿಣ್ಯವಿಲ್ಲ. ಸ್ವಂತ ತಮ್ಮನ ಮನೆಯ ಹಾಲನ್ನೂ ಒಮ್ಮೆ ಹಿಂದಕ್ಕೆ ಕಳುಹಿಸಿದ್ದ. ಇದರಿಂದ ಅವನಿಗೆ ಒಳ್ಳೆಯ ಹೆಸರಿತ್ತು. ಆ ಹೆಸರಿನ ಹೆಮ್ಮೆಯೂ ಇತ್ತು. ಆದರೆ ಡೇರಿಯ ಬಾಗಿಲು ಹಾಕಿ ಮನೆಗೆ ಬಂದ ಮೇಲೂ ಅವನು ಅಳೆಯುವುದನ್ನು ನಿಲ್ಲಿಸುತ್ತಿರಲಿಲ್ಲ. ಒಬ್ಬನೇ ಮಗ ಮಧುಕುಮಾರನ ಅಂಕ, ನಡಿಗೆ, ಊಟ, ತಲೆಗೂದಲು ಎಲ್ಲವೂ ಪರೀಕ್ಷೆಗೆ ಒಳಗಾಗಬೇಕು, ಫಲಿತಾಂಶವನ್ನು ನಾಲ್ಕು ಜನರ ಮುಂದೆ ಕೂಗಬೇಕು. ಹಾಲಿಗೆ ಮಾನವಿಲ್ಲ, ಹದಿನೈದು ವರ್ಷದ ಹುಡುಗನಿಗಿದೆ. ಇಷ್ಟು ಸಣ್ಣ ವ್ಯತ್ಯಾಸ ಅಷ್ಟು ಚೊಕ್ಕ ಮನುಷ್ಯನಿಗೆ ಹೊಳೆಯದೇ ಹೋಯಿತು.

ಮಧು ನಂಜನಗೂಡಿನ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ. ಬೆಳಿಗ್ಗೆ ಬಸ್ಸು ಬರುವ ಮುಂಚೆ ಡೇರಿಗೆ ಬಂದು ಅಪ್ಪನಿಗೆ ಕ್ಯಾನು ಎತ್ತಿಕೊಡುತ್ತಿದ್ದ. ಬಾ ಎಂದು ಯಾರೂ ಕರೆದಿರಲಿಲ್ಲ. ಆ ಒಂದು ಹೊತ್ತಿನಲ್ಲಿ ಮಾತ್ರ ಅಪ್ಪನ ಪಕ್ಕದಲ್ಲಿ ನಿಲ್ಲಲು ಅವನಿಗೊಂದು ಜಾಗವಿತ್ತು, ಅದಕ್ಕೆ ಬರುತ್ತಿದ್ದ. ಶಾಲೆ ಶುರುವಾದ ಹೊಸತರಲ್ಲಿ ಒಂದು ಬೆಳಿಗ್ಗೆ ಒದ್ದೆ ಕೈಯಿಂದ ಕ್ಯಾನು ಜಾರಿತು. ಹಾಲು ಸಿಮೆಂಟಿನ ನೆಲದ ಮೇಲೆ ಹರಿದು ಸಾಲಿನಲ್ಲಿ ನಿಂತವರ ಚಪ್ಪಲಿಯವರೆಗೂ ಹೋಯಿತು. ಮಾದಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ಸಾಲಿನ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ:

“ನೋಡ್ರಪ್ಪ. ಇವನ್ನ ತೌಡು ಕೊಟ್ಟು ತಂದದ್ದು. ಆ ತೌಡ್ನ ಎಮ್ಮೆಗಾದ್ರೂ ಆಕಿದ್ರೆ ಒಂದಿಷ್ಟು ಹಾಲು ಕರೀತಿತ್ತು.”

ಸಾಲು ನಕ್ಕಿತು. ಎರಡು ಮನೆ ಆಚೆಯ ನಾಗರತ್ನ ಸೆರಗು ಬಾಯಿಗೆ ಹಿಡಿದು ಎಲ್ಲರಿಗಿಂತ ಹೆಚ್ಚು ನಕ್ಕಳು. ಮಾದಪ್ಪ ಮಗನ ಕಡೆ ನೋಡಿದ. ನೆಲ ಒರೆಸುತ್ತಿದ್ದ ಮಧುವೂ ನಗುತ್ತಿದ್ದ. ಹುಡುಗನಿಗೆ ತಮಾಷೆ ಅರ್ಥವಾಗುತ್ತದೆ ಎಂದು ತಂದೆಗೆ ಸಮಾಧಾನವಾಯಿತು. ಜನ ಮೆಚ್ಚಿದ ಮಾತನ್ನು ಯಾರು ಒಂದೇ ಸಲಕ್ಕೆ ಬಿಡುತ್ತಾರೆ? ಆಮೇಲೂ ಆಗಾಗ ಹೇಳಿದ.

ನಾಗರತ್ನ ಅದನ್ನು ತನ್ನ ಮನೆಯಲ್ಲಿ ಹೇಳಿದಳು. ಅವಳ ಮಗ ಗುರುಪ್ರಸಾದ್ ಮಧುವಿನ ತರಗತಿಯವನೇ. ಮಾತು ಬಸ್ಸು ಹತ್ತಿ ನಂಜನಗೂಡಿಗೆ ಹೋಯಿತು. ವಾರ ಕಳೆಯುವುದರೊಳಗೆ ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ ಮಧುವಿನ ಹೆಸರಿಗೆ ಬದಲಾಗಿ ‘ತೌಡು’ ಎಂಬ ಪಿಸುಮಾತು ಬರತೊಡಗಿತು.

ಮನೆಯಲ್ಲಿ ಮಧು ಮಾತು ಕಡಿಮೆ ಮಾಡಿದ. ತಾಯಿ ಪವಿತ್ರಾ ಎರಡನೆಯ ಸಲ ಕರೆದರೆ ರೇಗುತ್ತಿದ್ದ. ಬಸ್ಸಿನಲ್ಲಿ ಸೀಟಿಗಾಗಿ ಚಿಕ್ಕ ಹುಡುಗನೊಬ್ಬನ ಕಾಲರು ಹಿಡಿದನೆಂದು ಕಂಡಕ್ಟರ್ ದೂರು ಹೇಳಿದ. ಡೇರಿಗೆ ಬರುವುದನ್ನು ನಿಲ್ಲಿಸಿದ. ಹುಡುಗ ಮೊದಲಿನಂತಿಲ್ಲ, ಒಂದು ದಿನ ಹತ್ತಿರ ಕೂರಿಸಿಕೊಂಡು ಮಾತನಾಡಿಸಿ ಎಂದು ಪವಿತ್ರಾ ಗಂಡನಿಗೆ ಹೇಳಿದಳು. “ಏನಿಲ್ಲ ಕಣೆ, ಫ್ಯಾಟು ಜಾಸ್ತಿಯಾಗ್ಯದೆ,” ಎಂದ ಮಾದಪ್ಪ. ಹಾಲಿನ ಕೊಬ್ಬು ಅಳೆಯುವವನು ಈ ಮಾತಿಗೂ ತಾನೇ ನಕ್ಕ.

ಒಂದು ಮಧ್ಯಾಹ್ನ ಶಾಲೆಯಿಂದ ಫೋನು ಬಂದಾಗ ಅವನು ತಿಂಗಳ ಬಟವಾಡೆಯ ಕೆಲಸದಲ್ಲಿದ್ದ. ಮಧು ಬಿಸಿಯೂಟದ ಸ್ಟೀಲು ತಟ್ಟೆಯಿಂದ ಗುರುಪ್ರಸಾದನ ಮುಖಕ್ಕೆ ಹೊಡೆದಿದ್ದ. ತಟ್ಟೆಯ ಅಂಚು ಹುಬ್ಬನ್ನು ಸೀಳಿತ್ತು. ಒಂದು ಬೆರಳಿನಷ್ಟು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತೆಂದು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ಡಾಕ್ಟರು ಹೇಳಿದ್ದರು.

ಮುಖ್ಯೋಪಾಧ್ಯಾಯಿನಿ ಸುನೀತಾ ಅವರ ಕೊಠಡಿಯಲ್ಲಿ ಮಧು ಗೋಡೆಗೆ ತಾಗಿ ನಿಂತಿದ್ದ. ಯಾಕೆ ಹೊಡೆದೆ ಎಂದು ಅವರು ಎಷ್ಟು ರೀತಿಯಲ್ಲಿ ಕೇಳಿದರೂ ಬಾಯಿ ಬಿಟ್ಟಿರಲಿಲ್ಲ. ಗುರುಪ್ರಸಾದ ಏನೋ ತಮಾಷೆ ಮಾಡಿದ, ಇವನು ಹೊಡೆದ ಎಂದಷ್ಟೇ ಉಳಿದ ಹುಡುಗರು ಹೇಳಿದ್ದರು. ಒಂದು ಮೂಲೆಯಲ್ಲಿ ನಾಗರತ್ನ ಕೂತು ಕಣ್ಣೊರೆಸುತ್ತಿದ್ದಳು, ಬಾಗಿಲಲ್ಲಿ ಇಬ್ಬರು ಮಾಸ್ತರರಿದ್ದರು. ಹುಡುಗನ ಹತ್ತಿರ ನಾನೊಬ್ಬಳೇ ಸ್ವಲ್ಪ ಮಾತಾಡುತ್ತೇನೆ, ನೀವು ಹೊರಗಿರಿ ಎಂದು ಸುನೀತಾ ಮಾದಪ್ಪನಿಗೆ ಹೇಳಿದರು. ಅವನು ಹೊರಗೆ ಹೋಗಲಿಲ್ಲ. ಊರಿನಲ್ಲಿ ತಲೆಯೆತ್ತಿ ತಿರುಗಿದವನಿಗೆ ಅಲ್ಲಿ ತಲೆ ತಗ್ಗಿಸಬೇಕಾಗಿ ಬಂದಿತ್ತು. ಆ ಸಂಕಟದಲ್ಲಿ ಅವನಿಗೆ ಮಗನ ಮುಖ ಕಾಣಲಿಲ್ಲ, ತನ್ನ ಹೆಸರಷ್ಟೇ ಕಂಡಿತು.

“ಮೇಡಂ, ಇದು ನಮ್ಮನೆ ರಕ್ತ ಅಲ್ಲ ಅಂದ್ಕೊಳಿ. ತೌಡಿಗೆ ತಂದದ್ದು ಹಿಂಗೇ ಆಡೋದು. ನೀವೇನು ಮಾಡಿದ್ರೂ ನಾನು ಕೇಳಕ್ಕೆ ಬರಲ್ಲ.”

ಮಧು ತಲೆಯೆತ್ತಿ ಅಪ್ಪನನ್ನು ನೋಡಿದ. ಈ ಸಲ ನಗಲಿಲ್ಲ.

ಗಾಯಗೊಂಡ ಹುಡುಗನ ಮನೆಗೆ ಹೋಗಿ ತಪ್ಪೊಪ್ಪಿಕೊಂಡ ಮೇಲೆ ಶಾಲೆಗೆ ಬರಲಿ ಎಂದು ಸುನೀತಾ ತೀರ್ಮಾನ ಹೇಳಿದರು. ಮಧು ಆ ಸಂಜೆ ಮನೆಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ನರಸೀಪುರದ ಬಸ್ಸು ಹತ್ತಿ, ಅಲ್ಲಿಂದ ಮುಡುಕುತೊರೆಗೆ, ತಾಯಿಯ ತಾಯಿ ಸಣ್ಣತಾಯಮ್ಮನ ಮನೆಗೆ ಹೋಗಿದ್ದ. ಕೂಸು ಇಲ್ಲಿದೆ, ಉಂಡಿದೆ ಎಂದು ಮುದುಕಿ ಮಗಳಿಗೆ ಫೋನು ಮಾಡಿದಳು. ಅಲ್ಲೇ ಇರಲಿ, ಕೊಬ್ಬು ಇಳಿದ ಮೇಲೆ ತಾನಾಗಿ ಬರುತ್ತಾನೆ ಎಂದ ಮಾದಪ್ಪ. ಅಂದಿನಿಂದ ಗಂಡನಿಗೆ ಬಡಿಸುವಾಗ ಪವಿತ್ರಾ ತಟ್ಟೆಯನ್ನು ಮಾತ್ರ ನೋಡುತ್ತಿದ್ದಳು.

ಹಾಗೇ ಕೆಲವು ದಿನ ಹೋದವು. ಶುಕ್ರವಾರ ಬೆಳಿಗ್ಗೆ ನಾಗರತ್ನ ಸಾಲಿನ ಕೊನೆಗೆ ನಿಂತಳು. ಎಲ್ಲರೂ ಹೋದ ಮೇಲೆ ಹಾಲಿನ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟಳು. ಮಾದಪ್ಪನೇ ಮೊದಲು ಮಾತೆತ್ತಿ, ಮಗನನ್ನು ಕರೆತಂದು ನಿಮ್ಮ ಮನೆಯ ಬಾಗಿಲಲ್ಲಿ ಕ್ಷಮೆ ಕೇಳಿಸುತ್ತೇನೆ ಎಂದು ಗಟ್ಟಿಯಾಗಿ ಹೇಳಿದ. ಅವಳು ತಲೆಯಲ್ಲಾಡಿಸಿದಳು.

“ಮಾದಪ್ಪಣ್ಣ, ಒಂದ್ ಮಾತದೆ. ಬೇಜಾರ್ ಮಾಡ್ಕಬ್ಯಾಡ. ನನ್ ಮಗ ನಿನ್ನೆ ಬಾಯ್ಬುಟ್ಟ. ತಮಾಷೆ ಅಂದ್ನಲ್ಲ, ಬರೀ ಮಾತಲ್ಲಂತೆ. ನಮ್ ಕೊಟ್ಟಿಗೆ ತೌಡ್ನ ಪೊಟ್ಣ ಕಟ್ಕಂಡೋಗಿ ನಿನ್ ಮಗ ಉಣ್ತಿದ್ದ ಅನ್ನದ್ ಮ್ಯಾಲೆ ಸುರ್ದವ್ನೆ. ‘ಇಷ್ಟಕ್ಕೆ ವಾಪಸ್ ಕೊಟ್ಬುಡ್ತಾರಾ ಕೇಳು ನಿಮ್ಮಪ್ಪನ್ನ’ ಅಂದವ್ನೆ.”

ಮಾದಪ್ಪ ಕೈಯಲ್ಲಿದ್ದ ಮಾಪಕವನ್ನು ಹಾಲಿಗೆ ಇಳಿಸಿ ನಿಂತ.

“ನಾನೇ ಕಣಣ್ಣ ಮನೇಲಿ ನಗಾಡ್ಕಂಡು ಯೋಳಿದ್ದು,” ಎಂದಳು ನಾಗರತ್ನ. “ಸೇರಿಸ್ಲೂ ಇಲ್ಲ, ಬುಡ್ಲೂ ಇಲ್ಲ. ನೀನು ಯೋಳ್ದಂಗೇ ಯೋಳ್ದೆ.”

ಹಾಲಿನಲ್ಲಿ ತೇಲುತ್ತಿದ್ದ ಮಾಪಕದ ಗೆರೆಗಳು ಅವನಿಗೆ ಓದಲು ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಜನರೆದುರು ಹೇಳುವುದನ್ನೇ ಬದುಕಿನ ಧರ್ಮ ಮಾಡಿಕೊಂಡಿದ್ದವನಿಗೆ, ಇನ್ನೊಬ್ಬಳು ಇದ್ದದ್ದನ್ನು ಇದ್ದಂತೆ ಹೇಳಿದಾಗ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹೊಡೆದ ಕೈ ಮಧುವಿನದು, ಅದರ ಹೊಣೆಯೂ ಅವನದೇ. ಅನ್ನದ ಮೇಲೆ ತೌಡು ಬಿದ್ದಿತೆಂದು ಇನ್ನೊಬ್ಬನ ಕಣ್ಣು ಕೀಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಆ ಕೈಗೆ ಅಷ್ಟು ಸಿಟ್ಟು ಎಲ್ಲಿಂದ ಬಂತೆಂದು ಕೇಳದೆ, ಹುಡುಗರೇ ಕೆಟ್ಟುಹೋದರು, ಮೊಬೈಲಿನಿಂದ ಕೆಟ್ಟರು, ಸಿನಿಮಾದಿಂದ ಕೆಟ್ಟರು ಎಂದು ಕೈ ತೊಳೆದುಕೊಳ್ಳುವ ಹಿರಿಯರ ಅಪ್ರಾಮಾಣಿಕತೆಗೆ ಏನು ಶಿಕ್ಷೆ? ತನ್ನ ಮನೆಯಲ್ಲೇ ತನಗೆ ಬೆಲೆಯಿಲ್ಲವೆಂದು ನಂಬಿದ ಹುಡುಗ ಬೀದಿಯಲ್ಲಿ ಬೇರೆಯವರ ಮೈಗೆ ಬೆಲೆ ಕೊಟ್ಟಾನೆಂದು ನಾವು ಯಾವ ಧೈರ್ಯದಿಂದ ನಿರೀಕ್ಷಿಸುತ್ತೇವೆ?

ಮಾದಪ್ಪ ಶನಿವಾರ ಬೆಳಗಿನ ಹಾಲು ಮುಗಿಸಿ ಮುಡುಕುತೊರೆಗೆ ಹೊರಟ. ಮಗನನ್ನು ಮನೆಗೆ ಕರೆತರಲೇಬೇಕು ಎಂಬುದೊಂದೇ ಅವನ ಮನಸ್ಸಿನಲ್ಲಿತ್ತು. ನೀನೂ ಬಾ ಎಂದು ಪವಿತ್ರಾಳನ್ನು ಕರೆದ. ತನಗೆ ನಂಜನಗೂಡಿನಲ್ಲಿ ಕೆಲಸವಿದೆ ಎಂದಳು. ಏನು ಕೆಲಸವೆಂದು ಹೇಳಲಿಲ್ಲ.

ಬಸ್ಸು ನರಸೀಪುರದ ಹತ್ತಿರ ಒಂದು ಅಕ್ಕಿ ಗಿರಣಿಯನ್ನು ದಾಟಿತು. ಬಿಸಿ ತೌಡಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಮಾದಪ್ಪನಿಗೆ ಆ ಗಿರಣಿ ಗೊತ್ತಿತ್ತು.

ಪವಿತ್ರಾ ಮೊದಲು ಹೆತ್ತ ಎರಡು ಕೂಸುಗಳು ನಾಮಕರಣಕ್ಕೆ ಮುಂಚೆಯೇ ಹೋಗಿದ್ದವು. ಮೂರನೆಯದು ಮುಡುಕುತೊರೆಯಲ್ಲಿ ಹುಟ್ಟಿದಾಗ ಸಣ್ಣತಾಯಮ್ಮ ಹಳೆಯ ಕಟ್ಟಳೆಯೊಂದನ್ನು ಮಾಡಿಸಿದಳು. ಕೂಸನ್ನು ಹರಕು ಬಟ್ಟೆಯಲ್ಲಿ ಸುತ್ತಿ, ಮೊರದಲ್ಲಿ ಮಲಗಿಸಿ, ಬೇಡದ ವಸ್ತುವಿನಂತೆ ಹೊಸ್ತಿಲ ಆಚೆ ಇಡಬೇಕು. ಹೆತ್ತ ಮಕ್ಕಳೆಲ್ಲ ಉಳಿದಿದ್ದ ನೆರೆಮನೆಯ ಚಿಕ್ಕಬಸಮ್ಮ ಅದನ್ನು ಎತ್ತಿಕೊಂಡು ತನ್ನದೆನ್ನಬೇಕು. ಆಮೇಲೆ ತಂದೆ ಹೋಗಿ ಒಂದು ಸೇರು ತೌಡು ಕೊಟ್ಟು ಕೂಸನ್ನು ಕೊಂಡುತರಬೇಕು. ಇಷ್ಟು ಅಗ್ಗದ ಸರಕನ್ನು ಯಮ ಯಾಕೆ ಮುಟ್ಟಿಯಾನು ಎಂಬುದು ಅದರ ಲೆಕ್ಕ.

ತೌಡು ತರಲು ಮಾದಪ್ಪನೇ ಈ ಗಿರಣಿಗೆ ಬಂದಿದ್ದ. ಎಷ್ಟು ದನ ಸಾಕಿದ್ದೀರಿ ಎಂದು ಗಿರಣಿಯವನು ಕೇಳಿದಾಗ ದುಡ್ಡನ್ನಷ್ಟೇ ಮುಂದಿಟ್ಟಿದ್ದ. ನುಚ್ಚು, ಹೊಟ್ಟು ಇರಬಾರದೆಂದು ತಾನೇ ಜರಡಿ ಹಿಡಿದ. ಹೊಸ ಟವೆಲಿನಲ್ಲಿ ಕಟ್ಟಿಕೊಂಡು ಎದೆಗೆ ಒತ್ತಿ ತಂದ. ಚಿಕ್ಕಬಸಮ್ಮನ ಮುಂದೆ ಅದನ್ನು ಒಡ್ಡಿ, ಇದಕ್ಕಿಂತ ಹೆಚ್ಚು ಈ ಕೂಸು ಬಾಳುವುದಿಲ್ಲ ಎಂದು ಹೇಳುವಾಗ ಅಳು ಬಂತು. ಅಳಬೇಡಿ, ಗಟ್ಟಿಯಾಗಿ ಹೇಳಿ ಎಂದು ಅತ್ತೆ ಗದರಿಸಿದ್ದಳು.

ಅಂದಿನಿಂದ ಅವನು ಗಟ್ಟಿಯಾಗಿಯೇ ಹೇಳುತ್ತ ಬಂದ. ಮಗು ಚೆನ್ನಾಗಿದೆ ಎಂದು ಯಾರಾದರೂ ಅಂದರೆ ದೃಷ್ಟಿ ತಾಗೀತೆಂದು ಅಂಜಿ, ಅಯ್ಯೋ ಇಲ್ಲ, ಬರೀ ಮಂಕು, ಬರೀ ಸೋಂಬೇರಿ ಎನ್ನುತ್ತಿದ್ದ. ನಡೆಯಲು ಕಲಿತಾಗ ಕಾಲು ಸೊಟ್ಟ ಎಂದ. ಅಕ್ಷರ ಬರೆದಾಗ ಕೋಳಿ ಕೆದಕಿದಂತಿದೆ ಎಂದ. ಹುಡುಗ ಜ್ವರ ನೆಗಡಿಗಳನ್ನೆಲ್ಲ ದಾಟಿ ಗಟ್ಟಿಯಾಗಿ ಬೆಳೆದ. ತಂದೆಯ ಭಯ ತಾನಾಗಿ ಕರಗಿತು. ಮಾತು ಮಾತ್ರ ಬಾಯಲ್ಲಿ ಉಳಿಯಿತು. ಯಾಕೆ ಹಾಗೆ ಹೇಳಲು ತೊಡಗಿದೆನೆಂಬುದು ಅವನಿಗೇ ಮರೆತುಹೋಯಿತು. ಮಗನಿಗಂತೂ ಯಾರೂ ಹೇಳಿರಲೇ ಇಲ್ಲ. ಕಟ್ಟಳೆಯ ಗುಟ್ಟು ಬಿಟ್ಟುಕೊಟ್ಟರೆ ಅದರ ಫಲ ಹೋಗುತ್ತದೆಂಬ ನಂಬಿಕೆಯಿಂದ ಹೆಂಗಸರೂ ಬಾಯಿ ಮುಚ್ಚಿಕೊಂಡಿದ್ದರು.

ಸಣ್ಣತಾಯಮ್ಮ ಜಗುಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದಳು. ಅಳಿಯನಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು, ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆಮೇಲೆ ಕಾಳಿನಿಂದ ಕಣ್ಣೆತ್ತದೆ ಹೇಳಿದಳು:

“ಅಳೀಮಯ್ಯ, ಅವತ್ತು ಗಟ್ಟಿಯಾಗಿ ಯೋಳಿ ಅಂದಿದ್ದು ನಾನೇ. ನಿಜ. ಯಮಂಗೆ ಕೇಳ್ಲಿ ಅಂತ ಯೋಳ್ಸಿದ್ದು. ಮಗೀಗೆ ಕೇಳ್ಲಿ ಅಂತಲ್ಲ.”

ಅವನು ನೀರಿನ ಚೊಂಬನ್ನು ಕೆಳಗಿಟ್ಟ. ಹುಡುಗ ಬಂದ ರಾತ್ರಿಯೇ ಎಲ್ಲವನ್ನೂ ಅವನಿಗೆ ಹೇಳಿಬಿಟ್ಟೆ, ಕಟ್ಟಳೆಯ ಫಲ ಹೋದರೆ ಹೋಗಲಿ ಎನಿಸಿತು ಎಂದಳು ಮುದುಕಿ. ಹಿತ್ತಲ ಕಡೆಗೆ ಕೈ ತೋರಿದಳು.

ಕೊಟ್ಟಿಗೆಯಲ್ಲಿ ಮಧು ಬಾನಿಗೆ ಬಗ್ಗಿ ಹಸುವಿಗೆ ತೌಡು ಕಲಸುತ್ತಿದ್ದ. ಅಪ್ಪನನ್ನು ನೋಡಿಯೂ ಕೈ ತೆಗೆಯಲಿಲ್ಲ. ನಡಿ ಮಧು, ಊರಿಗೆ ಹೋಗೋಣ ಎಂದ ಮಾದಪ್ಪ. ನಾಗರತ್ನ ಎಲ್ಲವನ್ನೂ ಹೇಳಿದಳು, ನಿನ್ನದೊಬ್ಬನದೇ ತಪ್ಪಲ್ಲ ಎಂದ. ಇಷ್ಟು ಹೇಳಿದರೆ ಹುಡುಗ ಎದ್ದು ಬಂದಾನೆಂದು ಬಸ್ಸಿನಲ್ಲಿ ಅಂದುಕೊಂಡಿದ್ದ.

“ಅಜ್ಜಿ ಯೋಳುದ್ಲು,” ಎಂದ ಮಧು. “ನೀನು ಗಿರಣಿಗೋಗಿದ್ದು, ಜರಡಿ ಹಿಡ್ದಿದ್ದು, ಅತ್ತಿದ್ದು.”

“ಹೂಂ ಕಣಪ್ಪ.”

“ಅದ್ನ ಯಾಕೆ ಅಲ್ಲಿ ಯೋಳ್ಲಿಲ್ಲ? ಸಾಲ್ನಲ್ಲಿ?”

ಹಸು ಬಾನಿಗೆ ಮೂತಿ ಹಾಕಲು ಬಂತು. ಮಧು ಮೊಣಕೈಯಿಂದ ಮೆಲ್ಲಗೆ ಅದನ್ನು ತಡೆದ.

“ಅವತ್ತು ಎಲ್ರೂ ನಕ್ಕಾಗ ನಾನೂ ನಕ್ಬುಟ್ಟೆ ಕಣಪ್ಪ. ನೀನು ನನ್ ಕಡೆ ನೋಡ್ದೆ, ಅದುಕ್ಕೆ. ಗುರುಪ್ರಸಾದ ತೌಡು ಸುರ್ದಾಗ್ಲೂ ಮೊದ್ಲು ನಗಕ್ಕೇ ನೋಡ್ದೆ. ಆಗ್ಲಿಲ್ಲ.” ಇನ್ನೂ ಸಣ್ಣ ದನಿಯಲ್ಲಿ ಹೇಳಿದ: “ಅವನ ಕಣ್ಣೋಗ್ಬುಟ್ಟಿದ್ರೆ ಏನ್ ಮಾಡ್ತಿದ್ದೆ ನಾನು?”

ನಾಳೆ ಬಂದು ಗುರುಪ್ರಸಾದನ ಮನೆಯಲ್ಲಿ ತಪ್ಪಾಯಿತೆಂದು ಕೇಳುತ್ತೇನೆ ಎಂದ. ನಾನೂ ಜೊತೆಗಿರುತ್ತೇನೆ ಎಂದು ತಂದೆ ಮುಂದೆ ಬಂದಾಗ ಬೇಡವೆಂದ.

“ನೀನ್ ಬಂದ್ರೆ ಏನಾರಾ ಅಂದ್ಬುಡ್ತೀಯ. ನಾನೊಬ್ನೇ ಬತ್ತೀನಿ.”

“ಆಮ್ಯಾಲೆ ಮನೆಗೆ ಬತ್ತೀಯಲ್ಲ?”

ಮಧು ಬಾನಿಯನ್ನು ಹಸುವಿನ ಮುಂದೆ ಸರಿಸಿದ. ಕೈ ತೊಳೆದುಕೊಂಡ. ನರಸೀಪುರದ ಹೈಸ್ಕೂಲಿಗೆ ಸೇರುತ್ತೇನೆ, ಸುನೀತಾ ಮೇಡಂ ಒಪ್ಪಿದ್ದಾರೆ, ಟಿ.ಸಿ. ತೆಗೆಸಲು ಅಮ್ಮ ಇವತ್ತು ಶಾಲೆಗೆ ಹೋಗಿದ್ದಾಳೆ ಎಂದ. ಇದನ್ನೆಲ್ಲ ಸಿಟ್ಟಿಲ್ಲದೆ ಹೇಳಿದ. ಸಿಟ್ಟಿದ್ದಿದ್ದರೆ ಮಾದಪ್ಪ ಅದಕ್ಕೆ ಎದುರಾಡಬಹುದಿತ್ತು.

ಏನಾದರೂ ಹೇಳಬೇಕಿತ್ತು. ಬಾಯಿ ತೆರೆದಾಗ ನಾಲಗೆಯ ತುದಿಗೆ ಬಂದದ್ದು ಅಜ್ಜಿಯ ಸಾಕಣೆಯ ಬಗ್ಗೆ ಒಂದು ಚುಚ್ಚುಮಾತು. ಅದನ್ನು ನುಂಗಿಕೊಂಡ. ಅದರ ಹಿಂದೆಯೇ ಇನ್ನೊಂದು ಮಾತು ಬಂತು. ಸುಳ್ಳು ಕಣೋ, ನೀನು ನಮ್ಮ ಬಂಗಾರ ಎಂಬ, ಕೀಟಲೆಯ ಎರಡನೆಯ ಭಾಗ. ಆ ಮಾತನ್ನು ಮಗುವನ್ನು ಎತ್ತಿಕೊಂಡು ಹೇಳಬೇಕು. ಎದುರಿಗೆ ನಿಂತವನು ತಂದೆಯ ಎತ್ತರಕ್ಕೆ ಬಂದಿದ್ದ, ತುಟಿಯ ಮೇಲೆ ಮೀಸೆ ಚಿಗುರಿತ್ತು. ಮಾದಪ್ಪ ಅದನ್ನೂ ಹೇಳಲಿಲ್ಲ. ಒಬ್ಬನೇ ಬಸ್ಸು ಹತ್ತಿದ.

ಭಾನುವಾರ ಬೆಳಿಗ್ಗೆ ಡೇರಿಯ ಸಾಲು ಎಂದಿನಂತೆ ನಿಂತಿತ್ತು. ಮಾದಪ್ಪ ಮಾಪಕವನ್ನು ಕೆಳಗಿಟ್ಟು ಸಾಲಿನ ಕಡೆಗೆ ತಿರುಗಿದ. ನಾಗರತ್ನ ಇದ್ದಳು. ಅವಳ ಪಕ್ಕದಲ್ಲಿ ಹುಬ್ಬಿನ ಮೇಲೆ ಪಟ್ಟಿ ಅಂಟಿಸಿಕೊಂಡ ಗುರುಪ್ರಸಾದನೂ ಇದ್ದ.

“ನನ್ ಮಗನ್ನ ತೌಡು ಕೊಟ್ಟು ತಂದದ್ದು ಅಂತಿದ್ನಲ್ಲ. ನಿಜ ಕಣ್ರಪ್ಪ. ಎರಡು ಓಗಿದ್ವು, ಇದೊಂದು ಉಳೀಲಿ ಅಂತ ತಂದೊ. ಅಷ್ಟು ಯೋಳ್ದೆ ಬರೀ ತೌಡು ಅಂತ ಯೋಳ್ಕಂಡು ನಿಮ್ಮನ್ನೆಲ್ಲ ನಗುಸ್ದೆ. ನಂದು ತಪ್ಪಾಯ್ತು.”

ಯಾರೂ ನಗಲಿಲ್ಲ. ನಾಗರತ್ನ ಮಗನ ಬೆನ್ನ ಮೇಲೆ ಕೈಯಿಟ್ಟಳು; ಅವನು ನೆಲ ನೋಡಿದ. ಸಾಲಿನ ಹಿಂದಿನಿಂದ ಯಾರೋ ಮೆಲ್ಲಗೆ, “ಸಾ, ಹಾಲು ಒಡೀತದೆ, ನೋಡ್ಬುಡಿ,” ಎಂದರು. ಮಾದಪ್ಪ ಮೊದಲ ಪಾತ್ರೆಯನ್ನು ಎಳೆದುಕೊಂಡ. ತಪ್ಪಾಯ್ತೆಂಬ ಆ ಮಾತನ್ನು ಕೇಳಬೇಕಾಗಿದ್ದವನು ಅಲ್ಲಿರಲಿಲ್ಲ. ಇದ್ದಾಗ ಹೇಳಿರಲಿಲ್ಲ.

ಮಧ್ಯಾಹ್ನ ಮಧು ಬಂದ. ನಾಗರತ್ನಳ ಮನೆಯೊಳಗೆ ಹೋದ. ಅಲ್ಲಿ ಏನು ಮಾತಾಯಿತೆಂದು ಮಾದಪ್ಪನಿಗೆ ತಿಳಿಯಲಿಲ್ಲ. ಆಮೇಲೆ ತಾಯಿಯನ್ನು ಬಾಗಿಲಲ್ಲೇ ಮಾತನಾಡಿಸಿ, ಅವಳು ತುಂಬಿಟ್ಟಿದ್ದ ಬಟ್ಟೆಯ ಬ್ಯಾಗನ್ನು ತೆಗೆದುಕೊಂಡು, ಡೇರಿಯ ಎದುರಿನ ಬಸ್ಸಿನ ತಂಗುದಾಣಕ್ಕೆ ಬಂದು ನಿಂತ. ಸ್ವಲ್ಪ ಹೊತ್ತಿಗೆ ಗುರುಪ್ರಸಾದನೂ ಬಂದು ಅವನಿಂದ ಒಂದು ಮಾರು ದೂರದಲ್ಲಿ ನಿಂತ. ಇಬ್ಬರೂ ಮಾತನಾಡಲಿಲ್ಲ, ಆದರೆ ಗುರುಪ್ರಸಾದ ಹೋಗಲೂ ಇಲ್ಲ.

ಮಾದಪ್ಪ ಡೇರಿಯ ಬಾಗಿಲಲ್ಲಿ ನಿಂತಿದ್ದ. ನಡುವೆ ರಸ್ತೆಯಷ್ಟೇ ಇತ್ತು. ಮಧು ಅವನನ್ನು ನೋಡಿದ. ಕೈ ಎತ್ತಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಡೇರಿಯ ಸಾಲಿನ ಮುಂದೆ ನೆಲ ಒರೆಸುತ್ತ ನಕ್ಕಿದ್ದ ಹುಡುಗ ಹೀಗೆ ನೆಟ್ಟಗೆ ನಿಂತದ್ದನ್ನು ತಂದೆ ಅಂದೇ ಮೊದಲು ಕಂಡ. ಹುಷಾರು, ಹೋದ ತಕ್ಷಣ ಫೋನು ಮಾಡು ಎಂದು ಕೂಗಬೇಕೆನಿಸಿತು. ಆದರೆ ತನ್ನ ದನಿ ರಸ್ತೆ ದಾಟುವಷ್ಟರಲ್ಲಿ ಏನಾಗಿರುತ್ತದೋ ಎಂಬ ಅಂಜಿಕೆಯಿಂದ ಕೂಗಲಿಲ್ಲ.

ಬಸ್ಸು ಬಂದು ನಿಂತಿತು. ಅದು ಹೋದ ಮೇಲೆ ತಂಗುದಾಣದಲ್ಲಿ ಗುರುಪ್ರಸಾದ ಒಬ್ಬನೇ ಇದ್ದ, ರಸ್ತೆಯ ತಿರುವನ್ನು ನೋಡುತ್ತ.